ಹಳೆಯ ಲ್ಯಾಪ್‌ಟಾಪ್, ಹೊಸ ಡಿಸ್ಕ್, ಮೊದಲ ಲಿನಕ್ಸ್

ಶಿವಮೊಗ್ಗದ ನಮ್ಮ ಮನೆಯಲ್ಲಿರುವುದು 2014ರ ಲ್ಯಾಪ್‌ಟಾಪ್. ನಾಲ್ಕನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಪ್ಪ ಅದರಲ್ಲಿ ಕನ್ನಡ ಲೇಖನ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಪೇಪರ್ ಓದುತ್ತಾರೆ. ಅಷ್ಟೇ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ನಮ್ಮದರಲ್ಲಿ ಎರಡೂ ಇಲ್ಲ.

ಆದರೆ ಯಂತ್ರ ಗಟ್ಟಿಯಾಗಿದೆ. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಹೊಸದರ ಹಾಗೇ ಇದೆ. ಇಂಥದ್ದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡೋಣ ಅಂತ ತೀರ್ಮಾನ ಮಾಡಿದೆ. ನನಗೂ ಇದು ಮೊದಲ ಸಲ.

ಅಪ್ಪ ಕನ್ನಡ ಟೈಪ್ ಮಾಡುವುದು ‘ನುಡಿ’ ತಂತ್ರಾಂಶದಲ್ಲಿ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನನ್ನ ನುಡಿ ಫೈಲೆಲ್ಲ ತೆರೆಯುತ್ತೆ ತಾನೇ?”

ಲಿನಕ್ಸ್ ಬಗ್ಗೆ ಓದಲು ಕೂತರೆ ಯಾವ ಡಿಸ್ಟ್ರೋ, ಅಂದರೆ ಲಿನಕ್ಸಿನ ಯಾವ ರೂಪ ಒಳ್ಳೆಯದು ಅನ್ನುವ ಚರ್ಚೆಯೇ ಜಾಸ್ತಿ ಸಿಗುತ್ತದೆ. ಕನ್ನಡದಲ್ಲಿ ಬರೆಯುವವರ ಮನೆಯಲ್ಲಿ ಅದು ಆಮೇಲಿನ ಮಾತು. ಅಪ್ಪನ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಯಾವ ಡಿಸ್ಟ್ರೋ ಹಾಕಿದರೂ ಒಂದೇ. ಹಾಗಾಗಿ ಇಲ್ಲಿ ಇನ್‌ಸ್ಟಾಲ್ ಬಗ್ಗೆ ಸ್ವಲ್ಪ ಬರೆದು, ಕನ್ನಡದ ಕೆಲಸದ ಬಗ್ಗೆ ವಿವರವಾಗಿ ಬರೆಯುತ್ತೇನೆ.

ಪೆನ್ ಡ್ರೈವ್ ತಯಾರಿ

ಆರಿಸಿಕೊಂಡಿದ್ದು ಲಿನಕ್ಸ್ ಮಿಂಟ್ 22ರ ಸರಣಿ, ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಉಬುಂಟು ಅನ್ನುವ ಇನ್ನೊಂದು ಡಿಸ್ಟ್ರೋದ 24.04 ಆವೃತ್ತಿಯ ಮೇಲೆ ಕಟ್ಟಿದ್ದು. 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ನಡುವೆ ತೆರೆದ ಕಿಟಕಿಗಳ ಪಟ್ಟಿ. ವಿಂಡೋಸ್ ಅಭ್ಯಾಸ ಇದ್ದವರ ಕೈ ತಾನಾಗೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಮಿಂಟ್‌ನವರು ಹೇಳುವ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್, ಆರಾಮಾಗಿ ನಡೆಯಲು 4. ಸಿನಮನ್ ಆವೃತ್ತಿ ನೋಡಲು ಇನ್ನೂ ಚೆಂದ, ಆದರೆ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಗುರ.

ಐಎಸ್‌ಒ ಫೈಲ್, ಅಂದರೆ ಇಡೀ ಮಿಂಟ್ ಅಡಕವಾಗಿರುವ ಒಂದೇ ಫೈಲ್, ಹತ್ತಿರ ಹತ್ತಿರ 3 ಜಿಬಿ. ಇಳಿಸಿದ ಮೇಲೆ ಅದು ಪೂರ್ತಿ ಬಂದಿದೆಯಾ, ಬದಲಾಗಿಲ್ಲ ತಾನೇ ಅಂತ ನೋಡಬೇಕು. ಮಿಂಟ್‌ನವರು ಪ್ರತಿ ಫೈಲಿಗೂ 64 ಅಕ್ಷರಗಳ ಒಂದು ಎಸ್‌ಎಚ್‌ಎ256 ಮೊತ್ತ ಕೊಟ್ಟಿರುತ್ತಾರೆ, ಅದು ಫೈಲಿನ ಬೆರಳಚ್ಚಿನ ಹಾಗೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ನಮ್ಮ ಫೈಲಿನ ಮೊತ್ತ ತೆಗೆದು ಎರಡನ್ನೂ ಹೋಲಿಸಬೇಕು. ಕಣ್ಣಲ್ಲಿ ಹೋಲಿಸುವುದು ಕಷ್ಟ. ಒಂದನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ, ಇನ್ನೊಂದನ್ನು ಫೈಂಡ್‌ನಲ್ಲಿ ಹಾಕಿ ಹುಡುಕಿದರೆ ಸಿಕ್ಕಿತು ಅಥವಾ ಇಲ್ಲ, ಗೊತ್ತಾಗಿಬಿಡುತ್ತದೆ. ಮೊತ್ತ ಸರಿಹೋಯಿತು. ರೂಫಸ್ ಅನ್ನುವ ಪ್ರೋಗ್ರಾಂನಿಂದ 8 ಜಿಬಿ ಪೆನ್ ಡ್ರೈವ್‌ಗೆ ಬರೆದೆ.

ಡಿಸ್ಕ್ ಮುಟ್ಟದೆ ಪರೀಕ್ಷೆ

ಮಿಂಟ್‌ನ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೆ ಇಡೀ ವ್ಯವಸ್ಥೆ ಪೆನ್ ಡ್ರೈವ್ ಮತ್ತು ರ‍್ಯಾಮ್‌ನಲ್ಲೇ ಓಡುತ್ತದೆ. ಒಳಗಿನ ಡಿಸ್ಕ್‌ಗೆ ಒಂದಕ್ಷರವೂ ಬರೆಯುವುದಿಲ್ಲ. ಇದಕ್ಕೆ ಲೈವ್ ಸೆಷನ್ ಅನ್ನುತ್ತಾರೆ. ಈ ಹಂತವನ್ನು ಹಾರಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅರ್ಧ ಗಂಟೆ ಸುಮ್ನೆ ಕೂತು ಒಂದೊಂದೇ ನೋಡಿ: ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರ ಆಗುತ್ತದಾ ಇಲ್ಲವಾ.

ನಮ್ಮದರಲ್ಲಿ ಎಲ್ಲ ಸರಿ ಇತ್ತು, ವೈಫೈ ಒಂದನ್ನು ಬಿಟ್ಟು. ನೆಟ್‌ವರ್ಕ್ ಪಟ್ಟಿ ಪೂರ್ತಿ ಖಾಲಿ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟಾಗ ಚಿಪ್ ಹೆಸರು ಕಾಣಿಸಿತು, ಅಂದರೆ ಹಾರ್ಡ್‌ವೇರ್ ಜೀವಂತ ಇದೆ. ಅದರ ಡ್ರೈವರ್ ಮುಕ್ತ ತಂತ್ರಾಂಶವಲ್ಲ, ಬೇರೆಯಾಗಿ ಹಾಕಬೇಕು ಅಷ್ಟೆ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ತಂತಿ ಸಿಕ್ಕಿಸಿದ ಕೂಡಲೇ ಇಂಟರ್ನೆಟ್ ಬಂತು. ವೈಫೈ ಕೈಕೊಟ್ಟವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಲೈವ್ ಸೆಷನ್‌ನಲ್ಲಿ ಇನ್ನೊಂದು ಕೆಲಸವೂ ಆಯಿತು. ಮೆನುವಿನಲ್ಲಿ ಡಿಸ್ಕ್ಸ್ ಅಂತ ಒಂದು ಪ್ರೋಗ್ರಾಂ ಇದೆ. ಅದರಲ್ಲಿ ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿ ನೋಡಬಹುದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಕೆಟ್ಟ ಸೆಕ್ಟರಿಗೆ ಬದಲಾಗಿ ಬೇರೆ ಸೆಕ್ಟರ್ ಬಳಸಿದ ಲೆಕ್ಕವೂ ಏರಿತ್ತು. ಲ್ಯಾಪ್‌ಟಾಪ್ ನಿಧಾನ ಅಂತ ಮನೆಯಲ್ಲಿ ವರ್ಷಗಳಿಂದ ಹೇಳುತ್ತಿದ್ದುದಕ್ಕೆ ಅರ್ಧ ಕಾರಣ ಇಲ್ಲೇ ಸಿಕ್ಕಿತು.

ಇದನ್ನು ನೋಡಿದ ಮೇಲೆ ನನ್ನ ಯೋಜನೆ ಬದಲಾಯಿತು. ಒಂದೇ ಡಿಸ್ಕ್‌ನಲ್ಲಿ ಪಾರ್ಟಿಷನ್ ಒಡೆದು ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಡುವ ಯೋಚನೆ ಮೊದಲಿತ್ತು. ಈಗ ಹಳೆಯ ಡಿಸ್ಕನ್ನು ಹಾಗೇ ಹೊರಗೆ ತೆಗೆದಿಟ್ಟು, ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿ, ಅದಕ್ಕೆ ಲಿನಕ್ಸ್ ಅಂತ ನಿರ್ಧರಿಸಿದೆ. ಮೊದಲ ಸಲ ಲಿನಕ್ಸ್ ಹಾಕುವವರಿಗೆ ಇದೇ ಸರಿಯಾದ ದಾರಿ ಅಂತ ನನ್ನ ಬಲವಾದ ಅಭಿಪ್ರಾಯ. ಇಷ್ಟವಾಗದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಬಹುದು. ಪಾರ್ಟಿಷನ್ ಚಿತ್ರದ ಮುಂದೆ ಕೂತು, ಯಾವುದನ್ನು ಅಳಿಸಿದರೆ ಏನು ಹೋಗುತ್ತದೋ ಅಂತ ಎದೆ ಬಡಿದುಕೊಳ್ಳುವ ಪ್ರಮೇಯವೇ ಇಲ್ಲ.

ಬಿಚ್ಚುವ ಕೆಲಸ

ತೆಗೆಯುವ ಮುಂಚೆ ವಿಂಡೋಸನ್ನು ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿದೆ. ಮಾಮೂಲಿ ಶಟ್‌ಡೌನ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ. ಅಂಥ ಡಿಸ್ಕನ್ನು ಆಮೇಲೆ ಲಿನಕ್ಸ್‌ಗೆ ಜೋಡಿಸಿದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಹಾಕಿಕೊಂಡಿರುವವರು ಅದರ ರಿಕವರಿ ಕೀಯನ್ನು ಈ ಹಂತದಲ್ಲೇ ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಎಸ್‌ಎಸ್‌ಡಿ ಮತ್ತು ರ‍್ಯಾಮ್ ತಂದಿದ್ದು ಬೆಂಗಳೂರಿನ ಎಸ್.ಪಿ. ರೋಡ್‌ನಿಂದ. ಎಸ್‌ಎಸ್‌ಡಿ 240 ಜಿಬಿಯದು, 2.5 ಇಂಚಿನ ಸಾಟಾ. ರ‍್ಯಾಮ್ ವಿಷಯದಲ್ಲಿ ಒಂದು ಎಚ್ಚರ ಬೇಕು. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಡಿಡಿಆರ್3ಎಲ್ ಬೇಕು, ಅಂದರೆ 1.35 ವೋಲ್ಟ್‌ನದ್ದು. ಬರೀ ಡಿಡಿಆರ್3 1.5 ವೋಲ್ಟ್‌ನದ್ದು. ಎರಡೂ ನೋಡಲು ಒಂದೇ ಥರ, ಸ್ಲಾಟ್‌ಗೂ ಕೂರುತ್ತವೆ. ಚೀಟಿಯ ಮೇಲೆ ಪಿಸಿ3ಎಲ್ ಅಂತ, ಕೊನೆಯ ಎಲ್ ಸಮೇತ ಇದೆಯಾ ಅಂತ ಓದಿಯೇ ದುಡ್ಡು ಕೊಡಿ. ನಾನು ತಂದಿದ್ದು 4 ಜಿಬಿಯ ಸೆಕೆಂಡ್ ಹ್ಯಾಂಡ್ ಕಡ್ಡಿ. ಹಾಗಾಗಿ ಹಾಕಿದ ಮೇಲೆ ಮೊದಲು ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಪೂರ್ತಿ ಒಂದು ಸುತ್ತು ಓಡಿಸಿದೆ. ದೋಷ ಬರಲಿಲ್ಲ.

ಬಿಚ್ಚುವುದು ಕಷ್ಟವೇನಲ್ಲ. ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆಳೆದು, ಪವರ್ ಬಟನ್ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಹಿಂಬದಿಯ ಮುಚ್ಚಳದ ಸ್ಕ್ರೂಗಳಲ್ಲಿ ಕೆಲವು ಉದ್ದ, ಕೆಲವು ಗಿಡ್ಡ. ತೆಗೆದ ಜಾಗದ ಲೆಕ್ಕದಲ್ಲೇ ಒಂದು ಹಾಳೆಯ ಮೇಲೆ ಜೋಡಿಸಿಟ್ಟುಕೊಂಡೆ. ಹಳೆಯ ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿತ್ತು. ಆ ಚೌಕಟ್ಟು ಬಿಚ್ಚಿ ಎಸ್‌ಎಸ್‌ಡಿಗೆ ಹಾಕಿದೆ. ಎಸ್‌ಎಸ್‌ಡಿ 7 ಮಿಲಿಮೀಟರ್ ದಪ್ಪ, ಹಳೆಯದು 9.5. ಆದರೂ ಸ್ಕ್ರೂ ತೂತುಗಳು ಅದೇ ಜಾಗದಲ್ಲೇ ಇರುತ್ತವೆ, ಅಲುಗಾಡುವುದಿಲ್ಲ. ಫ್ಯಾನಿನ ರೆಕ್ಕೆಯಲ್ಲಿ ಧೂಳು ಗಟ್ಟಿ ಕಟ್ಟಿತ್ತು, ಅದನ್ನೂ ಬ್ರಷ್‌ನಿಂದ ತೆಗೆದೆ.

ಇನ್‌ಸ್ಟಾಲ್

ಇದರಲ್ಲಿ ಹೇಳುವಂಥದ್ದು ಕಡಿಮೆ. ಖಾಲಿ ಡಿಸ್ಕ್ ಆದ್ದರಿಂದ ‘ಇಡೀ ಡಿಸ್ಕ್ ಅಳಿಸಿ ಹಾಕು’ ಅನ್ನುವುದನ್ನೇ ಒತ್ತಿದೆ. ಸಮಯ ವಲಯಕ್ಕೆ ಕೋಲ್ಕತ್ತಾ. ಹೆಸರು, ಪಾಸ್‌ವರ್ಡ್ ಕೊಟ್ಟು ಕೂತರೆ ಮಿಕ್ಕಿದ್ದನ್ನು ಅದೇ ಮಾಡಿಕೊಳ್ಳುತ್ತದೆ.

ಒಂದೇ ಒಂದು ಕಡೆ ಗಮನ ಬೇಕು. ಸಹಿ ಇರುವ ತಂತ್ರಾಂಶವನ್ನು ಮಾತ್ರ ಒಳಗೆ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದು, ಹಾಡು, ವಿಡಿಯೋಗೆ ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಟಿಕ್ ಹಾಕಿದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲದ ಬಳಕೆಗೆ. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಆ ಪಾಸ್‌ವರ್ಡ್ ಕೊಡಬೇಕು. ಸುಮ್ಮನಿದ್ದರೆ ಅದು ಮಾಮೂಲಿಯಾಗಿ ಬೂಟ್ ಆಗಿಬಿಡುತ್ತದೆ. ಆಮೇಲೆ ಹಾಕುವ ವೈಫೈ ಡ್ರೈವರನ್ನು ಸೆಕ್ಯೂರ್ ಬೂಟ್ ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕಿದ್ದೇನೆ, ಆದರೂ ವೈಫೈ ಇಲ್ಲ ಅಂತ ಒದ್ದಾಡುವವರು ಮೊದಲು ನೋಡಬೇಕಾದ್ದು ಇದನ್ನೇ.

ನಂತರ ಫೋನ್ ಟೆದರಿಂಗ್‌ನಲ್ಲೇ ಅಪ್‌ಡೇಟ್ ಮುಗಿಸಿದೆ. ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಚಿಪ್‌ನ ಡ್ರೈವರ್ ಅಲ್ಲೇ ಪಟ್ಟಿಯಲ್ಲಿತ್ತು. ಟಿಕ್, ಅಪ್ಲೈ, ರೀಸ್ಟಾರ್ಟ್. ವೈಫೈ ಬಂತು. ಏನೂ ತೆರೆಯದೆ ಸುಮ್ಮನಿದ್ದಾಗ ವ್ಯವಸ್ಥೆ ತೆಗೆದುಕೊಳ್ಳುವ ರ‍್ಯಾಮ್ ಒಂದು ಜಿಬಿಯ ಆಸುಪಾಸು.

ಕನ್ನಡ ಟೈಪಿಂಗ್

ಓದುವುದಕ್ಕೆ ಏನೂ ಮಾಡಬೇಕಿಲ್ಲ, ಕನ್ನಡ ಪೇಪರ್‌ಗಳು ಮೊದಲ ದಿನವೇ ಚೆನ್ನಾಗಿ ಕಂಡವು. ಇನ್ನೂ ಫಾಂಟ್ ಬೇಕೆಂದರೆ ಫಾಂಟ್ಸ್-ಕೆಎನ್‌ಡಿಎ ಅನ್ನುವ ಪ್ಯಾಕೇಜ್ ಹಾಕಿ. ಅದರ ಜೊತೆ ಲೋಹಿತ್, ಗುಬ್ಬಿ, ನವಿಲು ಬರುತ್ತವೆ. ನವಿಲು ಕೈಬರಹದ ಥರ ಇದೆ, ಅಪ್ಪನಿಗೆ ತುಂಬಾ ಹಿಡಿಸಿತು.

ಬರೆಯುವುದೇ ಮುಖ್ಯ. ಅಪ್ಪನ ಬೆರಳು ಕಲಿತಿರುವುದು ಕಗಪ ಕೀಬೋರ್ಡ್, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ನುಡಿಯಲ್ಲಿ ಇರುವುದೂ ಅದೇ. ಲಿನಕ್ಸ್‌ನಲ್ಲಿ ಇದು ಸಿಗಬೇಕಾದರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜ್‌ಗಳನ್ನು ಹಾಕಬೇಕು. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ, ಒಮ್ಮೆ ಲಾಗ್ಔಟ್ ಆಗಿ ಬರಬೇಕು. ಆಮೇಲೆ ಐಬಸ್‌ನ ಪ್ರಿಫರೆನ್ಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಇರುವುದನ್ನು ಸೇರಿಸಬೇಕು. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಕೂಡ ಅಲ್ಲೇ ಇವೆ. ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ವಿಂಡೋಸ್ ಚಿತ್ರದ ಕೀ ಮತ್ತು ಸ್ಪೇಸ್.

ಅಪ್ಪ ಕೂತು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ‘ಕನ್ನಡ’ ಮೂಡಿತು. ಒತ್ತಕ್ಷರಕ್ಕೆ ಎಫ್, ಡ ಬೇಕಾದರೆ ಡಬ್ಲ್ಯೂ, ಎಲ್ಲ ಹಳೆಯ ಹಾಗೇ. “ಇದು ನುಡೀನೇ ಅಲ್ವಾ?” ಅಂದರು. ಅವರು ಹೊಸದಾಗಿ ಕಲಿಯಬೇಕಾದ್ದು ಏನೂ ಉಳಿಯಲಿಲ್ಲ, ನನಗೆ ಅದೇ ದೊಡ್ಡ ಸಮಾಧಾನ.

‘ಲ್ಯಾಪ್‌ಟಾಪ್’, ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದ ಹಾಗೆ ನಡುವೆ ಕಾಣದ ಒಂದು ಚಿಹ್ನೆ ಬೇಕಾಗುತ್ತದೆ. ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, 200ಸಿ ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಆ ಚಿಹ್ನೆ ಕೂರುತ್ತದೆ.

ಲೇಖನ ಬರೆಯಲು ಲಿಬ್ರೆಆಫೀಸ್ ಇದೆ, ಅದರಲ್ಲಿ ವರ್ಡ್ ಥರದ ಪ್ರೋಗ್ರಾಂ ರೈಟರ್. ಇಲ್ಲಿ ಒಂದು ಸೆಟ್ಟಿಂಗ್ ಮಾಡಲೇಬೇಕು. ಆಪ್ಷನ್ಸ್‌ನ ಭಾಷೆಗಳ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಆಗ ರೈಟರ್‌ನ ಮೂಲ ಫಾಂಟ್‌ಗಳ ಪುಟದಲ್ಲಿ ಕನ್ನಡಕ್ಕೇ ಬೇರೆ ಫಾಂಟ್, ಬೇರೆ ಸೈಜ್ ಇಡಬಹುದು. ಪ್ರತಿ ಹೊಸ ಫೈಲಿನಲ್ಲೂ ಫಾಂಟ್ ಬದಲಾಯಿಸುವ ಕೆಲಸ ತಪ್ಪುತ್ತದೆ.

ನುಡಿ ಫೈಲ್‌ಗಳು

ಹಳೆಯ ಡಿಸ್ಕನ್ನು ಯುಎಸ್‌ಬಿ-ಸಾಟಾ ಕೇಬಲ್‌ನಿಂದ ಜೋಡಿಸಿ ಅಪ್ಪನ ಫೋಲ್ಡರನ್ನು ಪೂರ್ತಿ ನಕಲು ಮಾಡಿದೆ. ಒಂದು ಲೇಖನ ತೆರೆದರೆ ‘ಕನ್ನಡ’ ಇರಬೇಕಾದ ಜಾಗದಲ್ಲಿ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಹೀಗೆ ಸಾಲು ಸಾಲು. ಸರ್ಕಾರಿ ಕಚೇರಿಯ ಹಳೆಯ ಆದೇಶಗಳನ್ನು ತೆರೆದವರಿಗೆಲ್ಲ ಈ ದೃಶ್ಯ ಗೊತ್ತು. ಫೈಲ್ ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟ್‌ಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫೈಲಿನ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರವೇ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದಿದ್ದರೆ ಒಳಗಿನದು ಹೊರಗೆ ಕಾಣುತ್ತದೆ.

ಹಾಗಾಗಿ ಮೊದಲ ಉಪಾಯ ಸರಳ. ಹಳೆಯ ಡಿಸ್ಕ್‌ನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್‌ನಿಂದ ನುಡಿಯ ಟಿಟಿಎಫ್ ಫೈಲ್‌ಗಳನ್ನು ತೆಗೆದು, ಹೋಮ್ ಫೋಲ್ಡರಿನ ಒಳಗೆ ಡಾಟ್ ಲೋಕಲ್, ಶೇರ್, ಫಾಂಟ್ಸ್ ಅನ್ನುವ ಜಾಗಕ್ಕೆ ಹಾಕಿದೆ. ಲಿಬ್ರೆಆಫೀಸ್ ಮುಚ್ಚಿ ತೆರೆದಾಗ ಲೇಖನ ಕನ್ನಡದಲ್ಲೇ ನಿಂತಿತ್ತು, ಪ್ಯಾರಾ, ಅಂಚು, ಶೀರ್ಷಿಕೆ ಎಲ್ಲ ಸರಿಯಾಗಿ. ಅಪ್ಪನ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಆದರೆ ಇಂಥ ಫೈಲನ್ನು ತಿದ್ದುವ ಮುಂಚೆ ಆಟೋಕರೆಕ್ಟ್ ಆಫ್ ಮಾಡಲೇಬೇಕು. ಲಿಬ್ರೆಆಫೀಸ್‌ನ ಕಣ್ಣಿಗೆ ಅದು ಇಂಗ್ಲಿಷ್ ಬರಹ. ವಾಕ್ಯದ ಮೊದಲ ಅಕ್ಷರ ಸಣ್ಣದಿದ್ದರೆ ತಾನೇ ದೊಡ್ಡದು ಮಾಡುತ್ತದೆ. ಇಂಗ್ಲಿಷಿನಲ್ಲಿ ಅದು ಬರೀ ಗಾತ್ರದ ವ್ಯತ್ಯಾಸ, ಈ ಫಾಂಟ್‌ನಲ್ಲಿ ಬೇರೆ ಅಕ್ಷರವೇ ಆಗಿಹೋಗುತ್ತದೆ. ಕಾಗುಣಿತ ಪರೀಕ್ಷೆಯೂ ಪುಟದ ತುಂಬ ಕೆಂಪು ಗೆರೆ ಎಳೆಯುತ್ತದೆ, ಅದನ್ನೂ ಆಫ್ ಮಾಡಿ.

ಶಾಶ್ವತ ಪರಿಹಾರ ಯುನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ ಬದಲಾಯಿಸುವುದು. ಗುಬ್ಬಿ, ನವಿಲು ಫಾಂಟ್‌ಗಳನ್ನು ಮಾಡಿದ ಅರವಿಂದ ವಿ.ಕೆ. ಅವರೇ ಇದಕ್ಕೊಂದು ಪರಿವರ್ತಕ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಅದರ ಕೆಲಸ ನೋಡಲು ಒಂದು ಪದ ಸಾಕು: ಕರ್ನಾಟಕ. ಹಳೆಯ ಫಾಂಟ್‌ನಲ್ಲಿ ಕ, ನಾ, ಆಮೇಲೆ ಅರ್ಕಾವತ್ತು, ಟ, ಕ ಹೀಗೆ ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ ಬೇಕು, ‘ರ್’ ಮೊದಲು, ‘ನಾ’ ಆಮೇಲೆ. ಅಂದರೆ ಒಂದು ಅಕ್ಷರಕ್ಕೆ ಇನ್ನೊಂದು ಅಂತ ಸುಮ್ನೆ ಬದಲಾಯಿಸಿದರೆ ಸಾಲದು. ಅರ್ಕಾವತ್ತನ್ನು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ತಂದು ಕೂರಿಸಬೇಕು. ಪರಿವರ್ತಕ ಇದನ್ನು ಮಾಡುತ್ತದೆ. ‘ಸ್ವಾತಂತ್ರ್ಯ’, ‘ಶಾಸ್ತ್ರೀಯ’ ಕೂಡ ಹಾಕಿ ನೋಡಿದೆ, ಸರಿಯಾಗಿ ಬಂದವು. ಇಷ್ಟು ಸೂಕ್ಷ್ಮದ ಕೆಲಸವನ್ನು ಒಬ್ಬರು ಕೂತು ಮಾಡಿ, ಬೇಕಾದವರು ಬಳಸಿಕೊಳ್ಳಲಿ ಅಂತ ಬಿಟ್ಟಿದ್ದಾರಲ್ಲ, ಅವರಿಗೆ ನಮ್ಮ ಮನೆಯಿಂದ ನಮಸ್ಕಾರ.

ಒಂದು ಮಿತಿ ಇದೆ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಅದೂ ಕನ್ನಡದ ಕಲಸುಮೇಲೋಗರವಾಗಿ ಬದಲಾಗುತ್ತದೆ. ಫೈಲಿನ ಒಳಗೆ ಎರಡೂ ಇಂಗ್ಲಿಷ್ ಅಕ್ಷರಗಳೇ ತಾನೇ. ಅದಕ್ಕೆ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಬದಲಾಯಿಸಲು ಹೋಗಲಿಲ್ಲ. ಮೂಲ ಫೈಲ್ ಹಾಗೇ ಇಟ್ಟು, ಬೇಕಾದ ಲೇಖನವನ್ನು ಬೇಕಾದಾಗ ಬದಲಾಯಿಸಿ, ಅಪ್ಪ ಒಮ್ಮೆ ಓದಿ ತಿದ್ದುತ್ತಾರೆ. ಹೊಸದೆಲ್ಲ ಯುನಿಕೋಡ್‌ನಲ್ಲೇ.

ಪ್ರಿಂಟರ್ ಮತ್ತು ಬ್ಯಾಕಪ್

ನಮ್ಮಲ್ಲಿರುವುದು ಎಚ್‌ಪಿ ಲೇಸರ್‌ಜೆಟ್ 1020, ಜೆರಾಕ್ಸ್ ಅಂಗಡಿಗಳಲ್ಲಿ ಈಗಲೂ ಕಾಣುವ ಆ ಪುಟ್ಟ ಪ್ರಿಂಟರ್. ಅದರ ಫರ್ಮ್‌ವೇರ್ ಒಳಗೆ ಉಳಿಯುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಕಳಿಸಬೇಕು. ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಎಚ್‌ಪಿಯವರದೇ ಎಚ್‌ಪಿಎಲ್‌ಐಪಿ ಪ್ಯಾಕೇಜ್ ಇದೆ, ಅದರ ಜೊತೆಗೊಂದು ಪ್ಲಗಿನ್ ಬೇಕು. ಟರ್ಮಿನಲ್‌ನಲ್ಲಿ ಎಚ್‌ಪಿ-ಪ್ಲಗಿನ್ ಅಂತ ಕೊಟ್ಟರೆ ತಾನೇ ಇಳಿಸಿಕೊಳ್ಳುತ್ತದೆ. ಮುಂದೆ ಎಚ್‌ಪಿಎಲ್‌ಐಪಿ ಹೊಸ ಆವೃತ್ತಿಗೆ ಹೋದರೆ ಪ್ಲಗಿನ್ನನ್ನೂ ಮತ್ತೆ ಹಾಕಬೇಕು, ಎರಡರ ಆವೃತ್ತಿ ಒಂದೇ ಇರಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿಗೇ ಅಂಟಿಸಿದ್ದೇನೆ.

ಹಳೆಯ ಡಿಸ್ಕ್ ಮತ್ತೆ ಹಾಕಿ ವಿಂಡೋಸ್ ತೆರೆಯುವವರಿಗೆ ಒಂದು ಮಾತು. ಅಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಇಂಟರ್ನೆಟ್‌ನಿಂದ ಸಮಯ ಹೊಂದಿಸಿದರೆ ಸರಿಯಾಗುತ್ತದೆ.

ಕೊನೆಗೆ ಟೈಮ್‌ಶಿಫ್ಟ್ ಹೊಂದಿಸಿದೆ. ಇದು ವ್ಯವಸ್ಥೆಯ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳುತ್ತದೆ, ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು. ವಾರಕ್ಕೊಂದರ ಹಾಗೆ ಮೂರು ಇಟ್ಟುಕೊಳ್ಳಲು ಹೇಳಿದ್ದೇನೆ. ಆದರೆ ಅದರ ಮೂಲ ಸೆಟ್ಟಿಂಗ್‌ನಲ್ಲಿ ಹೋಮ್ ಫೋಲ್ಡರ್ ಸೇರುವುದಿಲ್ಲ, ಅಂದರೆ ಅಪ್ಪನ ಲೇಖನಗಳು ಅದರಲ್ಲಿ ಇರುವುದಿಲ್ಲ. ಅವಕ್ಕೆ ಮಿಂಟ್‌ನ ಬ್ಯಾಕಪ್ ಟೂಲ್ ಬೇರೆಯೇ ಇದೆ. ತಿಂಗಳಿಗೊಮ್ಮೆ ಪೆನ್ ಡ್ರೈವ್ ಸಿಕ್ಕಿಸಿ ಅದನ್ನು ಓಡಿಸುವ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ.